ಯೋಚನೆಗೂ ಒಂದು ತಾಲೀಮು: ಹುಚ್ಚಾಸ್ಪತ್ರೆಯಿಂದ ಮನೆಯಂಗಳದವರೆಗೆ



ಮುರಿದ ಕಾಲಿಗೆ ಹಾಕಿದ ಪ್ಲಾಸ್ಟರನ್ನು ಬಿಚ್ಚಿದ ದಿನವೇ ಯಾರೂ ಓಡುವುದಿಲ್ಲ. ಮೂಳೆ ಕೂಡಿರುತ್ತದೆ, ನಿಜ. ಆದರೆ ಸ್ನಾಯು ಸೊರಗಿರುತ್ತದೆ, ಕೀಲು ಬಿಗಿದಿರುತ್ತದೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ, ನಾಳೆ ಎಂಟು ಹೆಜ್ಜೆ ಎಂದು ನಡೆದು ನಡೆದೇ ಕಾಲು ಪಳಗಬೇಕು. ಇದು ಎಲ್ಲರಿಗೂ ತಿಳಿದ ಸಂಗತಿ. ಆದ್ದರಿಂದ ಅಂಥವನನ್ನು ಯಾರೂ ಸೋಮಾರಿ ಎಂದು ಜರೆಯುವುದಿಲ್ಲ.

ಮನಸ್ಸಿನ ಕಾಯಿಲೆಯಿಂದ ಎದ್ದು ಬಂದವನ ವಿಷಯದಲ್ಲಿ ಮಾತ್ರ ನಮ್ಮ ಲೆಕ್ಕಾಚಾರವೇ ಬೇರೆ. ಚಿಕ್ಕಮಗಳೂರು ಜಿಲ್ಲೆಯ ಶಿವನಿಯಂಥ ಒಂದು ಊರನ್ನು ಕಲ್ಪಿಸಿಕೊಳ್ಳಿ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಈಗ ಅಜ್ಜಂಪುರ ತಾಲ್ಲೂಕಿನಲ್ಲಿರುವ ಊರು ಇದು. ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲು ದಾರಿಯಲ್ಲಿ ಇದಕ್ಕೊಂದು ನಿಲ್ದಾಣವಿದೆ. ಇಂಥ ಊರಿನ ಒಬ್ಬ ಹುಡುಗನಿಗೆ ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಇಲ್ಲದ ದನಿಗಳು ಕೇಳಿಸತೊಡಗುತ್ತವೆ, ಎಲ್ಲರೂ ತನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆ ಎನ್ನಿಸತೊಡಗುತ್ತದೆ ಎನ್ನೋಣ. ತಂದೆ ತಾಯಿ ರೈಲು ಹತ್ತಿಸಿ, ಇನ್ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಕರೆದೊಯ್ಯುತ್ತಾರೆ. ಔಷಧಿ ಫಲಿಸುತ್ತದೆ. ದನಿಗಳು ಅಡಗುತ್ತವೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ.

ಆದರೆ ಆಮೇಲೆ? ಹುಡುಗ ಪುಸ್ತಕ ತೆರೆದರೆ ಒಂದು ಪುಟ ದಾಟಲಾರ. ಅಂಗಡಿಗೆ ಕಳಿಸಿದರೆ, ಹೇಳಿದ ಸಾಮಾನು ಇಲ್ಲದಿದ್ದಾಗ ಬದಲಿಗೆ ಏನು ತರಬೇಕೆಂದು ತೋಚದೆ ಬರಿಗೈಲಿ ಮರಳುತ್ತಾನೆ. ‘ಕಾಯಿಲೆ ವಾಸಿಯಾಯಿತಲ್ಲ, ಇನ್ನೇನು ಧಾಡಿ?’ ಎಂಬ ಮಾತು ಮನೆಯಲ್ಲೇ ಹುಟ್ಟುತ್ತದೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ವೈದ್ಯಲೋಕಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಆ ಹುಡುಕಾಟದ ಚರಿತ್ರೆಯೇ ಈ ಲೇಖನದ ವಿಷಯ.

ಬುದ್ಧಿ ಬಾಗುವುದು ಎಂದರೇನು?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಬುದ್ಧಿವಂತಿಕೆ ಬೇರೆ, ಬುದ್ಧಿ ಬಾಗುವುದು ಬೇರೆ. ತರೀಕೆರೆ, ಅಜ್ಜಂಪುರದ ಕಡೆ ಅಡಿಕೆ ತೋಟಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಒಣಗಿದ ಕೆಂಪಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ವಿಂಗಡಿಸುತ್ತಾರೆ. ಆರಿಸಲು ಕುಳಿತವರ ಕೈ ಒಂದೇ ನಿಯಮಕ್ಕೆ ಒಗ್ಗಿ ತಾನೇ ತಾನಾಗಿ ಓಡುತ್ತಿರುತ್ತದೆ. ಅಷ್ಟರಲ್ಲಿ ಯಜಮಾನರು ಬಂದು, ‘ಜಾತಿ ಆಮೇಲೆ ನೋಡೋಣ, ಮೊದಲು ಹುಳು ಹಿಡಿದದ್ದನ್ನು ತೆಗೆಯಿರಿ’ ಎನ್ನುತ್ತಾರೆ. ಅಡಿಕೆ ಅದೇ, ಕೈ ಅದೇ, ನಿಯಮ ಮಾತ್ರ ಹೊಸದು. ಹಳೆಯ ನಿಯಮವನ್ನು ಕೆಳಗಿಟ್ಟು ಹೊಸದನ್ನು ಕೈಗೆತ್ತಿಕೊಳ್ಳುವ ಈ ಶಕ್ತಿಗೆ ಮನೋವಿಜ್ಞಾನದಲ್ಲಿ ಚಿಂತನೆಯ ನಮ್ಯತೆ ಎಂದು ಹೆಸರು. ನಮ್ಯತೆ ಎಂದರೆ ಮುರಿಯದೆ ಬಾಗುವ ಗುಣ.

ಇದನ್ನು ಅಳೆಯುವ ಒಂದು ಪ್ರಸಿದ್ಧ ಪರೀಕ್ಷೆ 1948ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಎಸ್ತಾ ಬರ್ಗ್ ಮತ್ತು ಡೇವಿಡ್ ಗ್ರ್ಯಾಂಟ್ ಅದರ ನಿರ್ಮಾಪಕರು. ಕಾರ್ಡುಗಳ ಮೇಲೆ ಬೇರೆ ಬೇರೆ ಬಣ್ಣದ, ಬೇರೆ ಬೇರೆ ಆಕಾರದ, ಬೇರೆ ಬೇರೆ ಸಂಖ್ಯೆಯ ಚಿತ್ರಗಳಿರುತ್ತವೆ. ಅವುಗಳನ್ನು ವಿಂಗಡಿಸಬೇಕು. ಯಾವ ಆಧಾರದ ಮೇಲೆ ಎಂದು ಪರೀಕ್ಷಕರು ಹೇಳುವುದಿಲ್ಲ. ಸರಿ ಅಥವಾ ತಪ್ಪು ಎಂದಷ್ಟೇ ಹೇಳುತ್ತಾರೆ. ಬಣ್ಣವೇ ಆಧಾರ ಎಂದು ಊಹಿಸಿ ಸತತವಾಗಿ ಹತ್ತು ಸಲ ಸರಿ ಮಾಡಿದರೆ, ಸದ್ದಿಲ್ಲದೆ ನಿಯಮ ಬದಲಾಗುತ್ತದೆ. ಈಗ ಆಕಾರದ ಪ್ರಕಾರ ವಿಂಗಡಿಸಬೇಕು. ಹೆಚ್ಚಿನವರು ಒಂದೆರಡು ತಪ್ಪಿನ ನಂತರ ಹಾದಿ ಬದಲಿಸುತ್ತಾರೆ. ಕೆಲವರು ಮಾತ್ರ ‘ತಪ್ಪು, ತಪ್ಪು’ ಎಂದು ಹೇಳಿದರೂ ಹಳೆಯ ನಿಯಮಕ್ಕೇ ಅಂಟಿಕೊಳ್ಳುತ್ತಾರೆ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಲ್ಲಿ ಈ ಅಂಟಿಕೊಳ್ಳುವಿಕೆ ಎದ್ದು ಕಾಣುತ್ತದೆಂದು ಕೆನಡಾದ ಬ್ರೆಂಡಾ ಮಿಲ್ನರ್ 1963ರಲ್ಲಿ ತೋರಿಸಿದರು. ಕನ್ನಡದಲ್ಲಿ ಇಚ್ಛಿತ್ತ ವಿಕಲತೆ ಎಂದು ಕರೆಯುವ ಸ್ಕಿಜೋಫ್ರೀನಿಯಾ ಕಾಯಿಲೆಯವರಲ್ಲೂ ಅನೇಕರಿಗೆ ಇದೇ ತೊಡಕು ಇರುವುದು ಮುಂದೆ ತಿಳಿದುಬಂತು.

ಅಂಗಡಿಯಿಂದ ಬರಿಗೈಲಿ ಬಂದ ಹುಡುಗನನ್ನು ಈಗ ನೆನೆಯಿರಿ. ಅವನಿಗೆ ಇಚ್ಛೆಯ ಕೊರತೆಗಿಂತ ಹೆಚ್ಚಾಗಿ, ನಿಯಮ ಬದಲಿಸುವ ಶಕ್ತಿಯ ಕೊರತೆ ಇರಬಹುದಲ್ಲವೇ?

ಬೀಗದ ಕಾಲ

ಈ ಪ್ರಶ್ನೆಯನ್ನು ಕೇಳುವ ಸ್ಥಿತಿಯಲ್ಲಿ ಹತ್ತೊಂಬತ್ತನೆಯ ಶತಮಾನ ಇರಲಿಲ್ಲ. ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಆರಂಭವಾದದ್ದು 1847ರಲ್ಲಿ. 1858ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಅಂಥ ಆಸ್ಪತ್ರೆಗಳ ಕಾನೂನು ಬಂತು, 1912ರಲ್ಲಿ ಭಾರತೀಯ ಲ್ಯೂನಸಿ ಕಾಯಿದೆ ಬಂತು. ರೋಗಿಯನ್ನು ಎಲ್ಲಿ ಇಡಬೇಕು, ಯಾರ ಆಜ್ಞೆಯ ಮೇಲೆ ಇಡಬೇಕು ಎಂಬುದೇ ಈ ಕಾನೂನುಗಳ ಮುಖ್ಯ ಚಿಂತೆ. ಮನೆಗೆ ಮರಳಿದ ಮೇಲೆ ಅವನು ಹೇಗೆ ಬಾಳಬೇಕು ಎಂಬುದು ಅವುಗಳ ಪರಿಧಿಯಲ್ಲಿ ಇರಲಿಲ್ಲ.

ವೈದ್ಯಕೀಯ ವಿಚಾರವೂ ಇದಕ್ಕೆ ಪೂರಕವಾಗಿಯೇ ಇತ್ತು. ಜರ್ಮನಿಯ ಎಮಿಲ್ ಕ್ರೇಪ್ಲಿನ್ 1890ರ ದಶಕದಲ್ಲಿ ಈ ಕಾಯಿಲೆಗೆ ಕೊಟ್ಟ ಹೆಸರಿನ ಅರ್ಥವೇ ‘ಎಳೆಯ ವಯಸ್ಸಿನ ಬುದ್ಧಿಕ್ಷಯ’ ಎಂದು. ಬುದ್ಧಿ ಕುಗ್ಗುತ್ತಲೇ ಹೋಗುತ್ತದೆ ಎಂಬ ನಂಬಿಕೆ ಆ ಹೆಸರಿನಲ್ಲೇ ಅಡಗಿತ್ತು. ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಹೊಸ ಹೆಸರನ್ನು ಟಂಕಿಸಿ, ಎಲ್ಲರೂ ಹಾಗೆ ಕುಗ್ಗಿಹೋಗುವುದಿಲ್ಲ ಎಂದರು. ಆದರೂ ಹಳೆಯ ನಿರಾಶೆ ಬಹುಕಾಲ ಉಳಿಯಿತು. ಕುಗ್ಗಿಯೇ ತೀರುವುದನ್ನು ತಿದ್ದಲು ಯಾರು ತಾನೇ ಹೊರಟಾರು?

ಮೈಸೂರು ಸಂಸ್ಥಾನದಲ್ಲಿ ಬದಲಾವಣೆಯ ಗಾಳಿ ಬೀಸಿದ್ದು 1920ರ ದಶಕದಲ್ಲಿ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಹುಟ್ಟಿತು. ಅದನ್ನು ಕಟ್ಟಿದವರು ಡಾ. ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಇವರೇ ಎಂಬುದನ್ನು ಬಾನುಲಿ, ದೂರದರ್ಶನಗಳ ಅಭಿಮಾನಿಗಳು ಹೆಮ್ಮೆಯಿಂದ ನೆನೆಯಬಹುದು. 1925ರಲ್ಲಿ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ‘ಮಾನಸಿಕ ಆಸ್ಪತ್ರೆ’ ಎಂದು ಮರುನಾಮಕರಣವಾಯಿತು. ಹೆಸರು ಬದಲಾದರೆ ರೋಗ ಹೋಗುವುದಿಲ್ಲ, ನಿಜ. ಆದರೆ ಆಸ್ಪತ್ರೆ ಎಂದು ಕರೆದ ಮೇಲೆ ಅಲ್ಲಿಂದ ಗುಣವಾಗಿ ಹೊರಬರಬೇಕೆಂಬ ನಿರೀಕ್ಷೆ ಹುಟ್ಟುತ್ತದೆ. 1930ರ ದಶಕದಲ್ಲಿ ಆಸ್ಪತ್ರೆ ಈಗಿನ ವಿಶಾಲವಾದ ಆವರಣಕ್ಕೆ ಬಂತು. ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಬೆಳೆಯಿತು. 1954ರಲ್ಲಿ ಇಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾದಾಗ ಅವರೇ ಅದರ ಮೊದಲ ನಿರ್ದೇಶಕರು. ಅಲ್ಲಿ ವೈದ್ಯರ ಜೊತೆಗೆ ಚಿಕಿತ್ಸಾ ಮನೋವಿಜ್ಞಾನಿಗಳಿಗೂ ತರಬೇತಿ ಆರಂಭವಾಯಿತು. ನಮ್ಮ ಕಥೆಗೆ ಇದು ಬಹಳ ಮುಖ್ಯ. ಏಕೆಂದರೆ ಯೋಚನೆಯನ್ನು ತರಬೇತುಗೊಳಿಸುವ ಕೆಲಸ ಮುಂದೆ ಇವರ ಪಾಲಿಗೇ ಬಂತು.

ಗುಳಿಗೆ ಮಾಡಿದ್ದು, ಮಾಡಲಾಗದ್ದು

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯನ್ನು ಮನೋರೋಗಿಗಳ ಮೇಲೆ ಪ್ರಯೋಗಿಸಿದರು. ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಭ್ರಮೆ, ಉದ್ರೇಕಗಳು ತಗ್ಗಿದವು. ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದವರು ಮನೆಗೆ ಮರಳುವಂತಾಯಿತು. ಈ ಔಷಧಿಗಳ ಉಪಕಾರವನ್ನು ಕಡಿಮೆ ಮಾಡಿ ಹೇಳುವಂತಿಲ್ಲ. ಇಂದಿಗೂ ಚಿಕಿತ್ಸೆಯ ಅಡಿಪಾಯ ಅವೇ.

ಆದರೆ ಮನೆಗೆ ಮರಳಿದವರನ್ನು ಹತ್ತಿರದಿಂದ ನೋಡಿದಾಗ ಇನ್ನೊಂದು ಸತ್ಯ ಕಂಡಿತು. ದನಿಗಳು ನಿಂತರೂ ಗಮನ, ನೆನಪು, ಯೋಜನೆ, ನಮ್ಯತೆ ಇವು ತಾವಾಗಿ ಮರಳಲಿಲ್ಲ. ಓದು, ಉದ್ಯೋಗ, ಸಂಸಾರ ಎಲ್ಲಕ್ಕೂ ಬೇಕಾದದ್ದು ಇವೇ. ಔಷಧಿ ಗದ್ದಲವನ್ನು ಅಡಗಿಸಿತು. ಕಲಿಸುವ ಕೆಲಸ ಹಾಗೆಯೇ ಉಳಿಯಿತು.

ಯುದ್ಧಗಳು ಕಲಿಸಿದ ಪಾಠ

ಮಿದುಳಿಗೆ ಮತ್ತೆ ಕಲಿಸಬಹುದು ಎಂಬ ವಿಚಾರ ಬಂದದ್ದು ಮನೋರೋಗಗಳ ಆಸ್ಪತ್ರೆಗಳಿಂದಲ್ಲ, ರಣರಂಗದಿಂದ. ಮೊದಲನೆಯ ಮಹಾಯುದ್ಧದಲ್ಲಿ ತಲೆಗೆ ಗುಂಡೇಟು ತಿಂದ ಸೈನಿಕರಿಗಾಗಿ ಕುರ್ಟ್ ಗೋಲ್ಡ್‌ಸ್ಟೈನ್ ಎಂಬ ವೈದ್ಯರು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಒಂದು ಸಂಸ್ಥೆ ನಡೆಸಿದರು. ಬಣ್ಣ ಬಣ್ಣದ ಉಣ್ಣೆಯ ಎಳೆಗಳನ್ನು ವಿಂಗಡಿಸಲು ಹೇಳಿ, ಸೈನಿಕರ ಯೋಚನೆ ಎಲ್ಲಿ ತೊಡರುತ್ತದೆ ಎಂದು ಗಮನಿಸಿದರು. ಎರಡನೆಯ ಮಹಾಯುದ್ಧದಲ್ಲಿ ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಯುರಾಲ್ ಪ್ರದೇಶದ ಆಸ್ಪತ್ರೆಯೊಂದರಲ್ಲಿ ಇಂಥದೇ ಕೆಲಸ ಮಾಡಿದರು. ಹಾಳಾದ ದಾರಿಯನ್ನು ಸರಿಪಡಿಸಲಾಗದಿದ್ದರೆ ಬಳಸುದಾರಿ ಕಟ್ಟಬಹುದು ಎಂಬುದು ಅವರ ಸಿದ್ಧಾಂತದ ತಿರುಳು. ಮನಸ್ಸಿನಲ್ಲೇ ಮಾಡಲಾಗದ ಕೆಲಸವನ್ನು ಮೊದಲು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಮಾಡುವುದು, ಆಮೇಲೆ ಪಿಸುಮಾತಿನಲ್ಲಿ, ಕೊನೆಗೆ ಮೌನವಾಗಿ ಮಾಡುವುದು ಇಂಥ ಬಳಸುದಾರಿಗಳಲ್ಲಿ ಒಂದು. ಮಗ್ಗಿ ಕಲಿಯುವ ಮಕ್ಕಳು ಮಾಡುವುದೂ ಇದನ್ನೇ ಅಲ್ಲವೇ?

ಸೈನಿಕರಿಗೆ ಸಾಧ್ಯವಾದದ್ದು ಸ್ಕಿಜೋಫ್ರೀನಿಯಾ ಕಾಯಿಲೆಯವರಿಗೂ ಸಾಧ್ಯವೇ? 1987ರಲ್ಲಿ ಅಮೆರಿಕದ ಸಂಶೋಧಕರು ಮೇಲೆ ಹೇಳಿದ ಕಾರ್ಡು ಪರೀಕ್ಷೆಯನ್ನು ರೋಗಿಗಳಿಗೆ ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಟ್ಟರು. ಹೇಳಿಕೊಡುವಾಗ ಚೆನ್ನಾಗಿ ಮಾಡಿದರು, ಹೇಳುವುದನ್ನು ನಿಲ್ಲಿಸಿದೊಡನೆ ಮೊದಲಿನಂತೆಯೇ ಆದರು. ಇದು ಕಲಿಸಲಾಗದ ಕೊರತೆ ಎಂದು ಹಲವರು ಕೈಚೆಲ್ಲಿದರು. ಆದರೆ 1990ರಲ್ಲಿ ಇನ್ನೊಂದು ತಂಡ ಸ್ಪಷ್ಟವಾದ ಸೂಚನೆಯ ಜೊತೆಗೆ ಸಣ್ಣ ಬಹುಮಾನವನ್ನೂ ಕೊಟ್ಟಿತು. ಆಗ ಕಲಿಕೆ ಸಾಧ್ಯವಾಯಿತು. ಶಿಷ್ಯನಿಗೆ ಬರಲಿಲ್ಲ ಎನ್ನುವ ಮೊದಲು ಕಲಿಸಿದ ಬಗೆ ಸರಿಯಿತ್ತೇ ಎಂದು ನೋಡಬೇಕೆಂಬುದನ್ನು ವಿಜ್ಞಾನವೂ ಹೀಗೆ ಕಲಿತುಕೊಂಡಿತು.

1993ರಲ್ಲಿ ಆಸ್ಟ್ರೇಲಿಯಾದ ಆನ್ ಡೆಲಹಂಟಿ ಮತ್ತು ರಾಡ್ನಿ ಮೋರಿಸ್ ಒಂದು ತರಬೇತಿ ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ಮೂರು ಭಾಗಗಳು: ಯೋಚನೆಯ ನಮ್ಯತೆ, ನೆನಪು ಮತ್ತು ಯೋಜನೆ. ಲಂಡನ್ನಿನ ಟಿಲ್ ವೈಕ್ಸ್ ಮತ್ತು ಸಂಗಡಿಗರು ಈ ವಿಧಾನವನ್ನು ಬೆಳೆಸಿದರು. 2011ರಲ್ಲಿ ಅವರು 40 ಅಧ್ಯಯನಗಳನ್ನು, ಅಂದರೆ 2,104 ಜನರ ಫಲಿತಾಂಶವನ್ನು, ಒಟ್ಟಿಗೆ ಪರಿಶೀಲಿಸಿದರು. ಪ್ರಯೋಜನ ಪವಾಡದಷ್ಟಲ್ಲ, ಸಾಧಾರಣ ಪ್ರಮಾಣದ್ದು. ಆದರೆ ನಿಜವಾದದ್ದು ಮತ್ತು ಉಳಿಯುವಂಥದ್ದು ಎಂಬುದು ಅವರ ತೀರ್ಮಾನ. ಉದ್ಯೋಗ ತರಬೇತಿಯಂಥ ಪುನರ್ವಸತಿಯ ಜೊತೆ ಸೇರಿಸಿದಾಗ ದೈನಂದಿನ ಬದುಕಿನ ಮೇಲೆ ಅದರ ಪರಿಣಾಮ ಹೆಚ್ಚು ಎಂಬುದೂ ತಿಳಿಯಿತು.

ಬೆಂಗಳೂರಿನ ಕಾಳುಗಳು

ಈಗ ಮತ್ತೆ ಕರ್ನಾಟಕಕ್ಕೆ ಬರೋಣ. 1974ರಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಸಂಸ್ಥೆ ಒಂದಾಗಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಾವೆಲ್ಲ ಕರೆಯುವ ನಿಮ್ಹಾನ್ಸ್, ರೂಪುಗೊಂಡಿತು. ಮನಸ್ಸು ಮತ್ತು ನರಮಂಡಲ ಎರಡೂ ಒಂದೇ ಸೂರಿನಡಿ ಬಂದವು. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದವರೂ ಅಲ್ಲಿಗೇ ಬರುತ್ತಿದ್ದರು, ಸ್ಕಿಜೋಫ್ರೀನಿಯಾ ಕಾಯಿಲೆಯವರೂ ಅಲ್ಲಿಗೇ. ಹೀಗಾಗಿ ಒಬ್ಬರಿಗೆ ಕಲಿಸಿದ ಪಾಠ ಇನ್ನೊಬ್ಬರಿಗೂ ಉಪಯೋಗಕ್ಕೆ ಬಂತು. ನರಮನೋವಿಜ್ಞಾನಿ ಡಾ. ಶೋಭಿನಿ ಎಲ್. ರಾವ್ ಮತ್ತು ಅವರ ಸಹೋದ್ಯೋಗಿಗಳು ತಲೆಗೆ ಪೆಟ್ಟಾದವರಿಗಾಗಿ ಬೌದ್ಧಿಕ ಮರುತರಬೇತಿಯ ಅಭ್ಯಾಸಗಳನ್ನು ರೂಪಿಸಿದರು.

ಇಲ್ಲಿ ಬಳಸಿದ ಸಾಮಗ್ರಿ ಏನೆಂಬುದೇ ಸ್ವಾರಸ್ಯದ ಸಂಗತಿ. ಕಾಗದ, ಪೆನ್ಸಿಲು, ಒಂದು ಹಿಡಿ ಕಾಳು! ಬೆರೆಸಿಟ್ಟ ಧಾನ್ಯಗಳನ್ನು ಬೇರೆ ಬೇರೆ ಮಾಡುವುದು, ಅಕ್ಷರಗಳ ಸಾಲಿನಲ್ಲಿ ಹೇಳಿದ ಅಕ್ಷರವನ್ನು ಮಾತ್ರ ಹುಡುಕಿ ಗೀಟು ಹಾಕುವುದು ಇವು ನಿಮ್ಹಾನ್ಸ್‌ನ ಅಭ್ಯಾಸಗಳಲ್ಲಿ ಹೆಸರಾದವು. ನಮ್ಮ ಅಜ್ಜಿಯರು ಮೊರ ಹಿಡಿದು ಕುಳಿತು ಮಾಡುತ್ತಿದ್ದ ಕೆಲಸ ಪ್ರಯೋಗಶಾಲೆಯ ಲೆಕ್ಕಕ್ಕೆ ಒಳಪಟ್ಟು ಚಿಕಿತ್ಸೆಯಾಯಿತು. ಎಷ್ಟು ನಿಮಿಷ, ಎಷ್ಟು ತಪ್ಪು, ನಿನ್ನೆಗಿಂತ ಇಂದು ಹೇಗೆ ಎಂಬ ಲೆಕ್ಕವೇ ಇದನ್ನು ಬರೀ ಮನೆಗೆಲಸಕ್ಕಿಂತ ಬೇರೆಯಾಗಿಸುತ್ತದೆ.

ಡಾ. ಶಾಂತಲಾ ಹೆಗಡೆ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೊದಲ ಬಾರಿಗೆ ಸ್ಕಿಜೋಫ್ರೀನಿಯಾ ಕಾಯಿಲೆಗೆ ಒಳಗಾದ 45 ಜನರನ್ನು ಎರಡು ಗುಂಪು ಮಾಡಿದರು. ಎರಡಕ್ಕೂ ಎಂದಿನ ಚಿಕಿತ್ಸೆ ಇತ್ತು. ಒಂದು ಗುಂಪಿಗೆ ಮಾತ್ರ ಅದರೊಡನೆ ಎರಡು ತಿಂಗಳು ಮನೆಯಲ್ಲೇ ಮಾಡುವ ಮರುತರಬೇತಿಯನ್ನೂ ಕೊಟ್ಟರು. ತರಬೇತಿ ಪಡೆದವರಲ್ಲಿ ಗಮನವನ್ನು ಎರಡು ಕಡೆ ಹಂಚುವ ಶಕ್ತಿ, ಯೋಜನೆ ಮತ್ತು ನಿಯಮ ಬದಲಿಸುವ ನಮ್ಯತೆ ಸುಧಾರಿಸಿದವು. ಇದು ಸಣ್ಣ ಅಧ್ಯಯನ. ಎಲ್ಲ ಪರೀಕ್ಷೆಗಳನ್ನೂ ಮುಗಿಸಿದವರು ಸುಮಾರು ಅರ್ಧದಷ್ಟು ಜನ ಮಾತ್ರ. ಆದ್ದರಿಂದ ಇದನ್ನು ಕೊನೆಯ ಮಾತೆಂದು ಹೇಳಲಾಗದು. ಆದರೂ ‘ಮನೆಯಲ್ಲೇ’ ಎಂಬ ಒಂದು ಪದದ ಮಹತ್ವವನ್ನು ಶಿವನಿಯಂಥ ಊರಿನವರು ಬಲ್ಲರು. ವಾರಕ್ಕೆ ಮೂರು ದಿನ ಬೆಂಗಳೂರಿಗೆ ಹೋಗಿ ತರಬೇತಿ ಪಡೆಯಲು ಯಾರಿಗೆ ಸಾಧ್ಯ? ಹೊಲ ತೋಟ ಬಿಟ್ಟು, ಕೂಲಿ ಕಳೆದುಕೊಂಡು, ರೈಲು ಹತ್ತುವುದು ಎಷ್ಟು ದಿನ ನಡೆದೀತು?

ತಾಲೀಮಿನ ಕ್ರಮ

ಗರಡಿಮನೆಯಲ್ಲಿ ಹೊಸಬನಿಗೆ ಮೊದಲ ದಿನವೇ ದೊಡ್ಡ ಕಲ್ಲುಗುಂಡು ಎತ್ತಿಸುವುದಿಲ್ಲ. ಈ ತರಬೇತಿಯೂ ಹಾಗೆಯೇ. ಮೊದಲು ಪರೀಕ್ಷೆ ಮಾಡಿ ಎಲ್ಲಿ ತೊಡಕಿದೆ ಎಂದು ತಿಳಿಯುತ್ತಾರೆ. ತಪ್ಪದೆ ಮಾಡಬಲ್ಲಷ್ಟು ಸುಲಭದ ಅಭ್ಯಾಸದಿಂದ ಆರಂಭಿಸುತ್ತಾರೆ. ಸರಿಯಾದಾಗ ಮೆಚ್ಚುಗೆ ಹೇಳುತ್ತಾರೆ, ನಿಧಾನವಾಗಿ ಕಷ್ಟ ಹೆಚ್ಚಿಸುತ್ತಾರೆ. ನಮ್ಯತೆಯ ಅಭ್ಯಾಸವಾದರೆ, ಒಂದು ಸಾಲು ಸಂಖ್ಯೆಗಳಲ್ಲಿ ಮೊದಲು ಸಮಸಂಖ್ಯೆಗಳಿಗೆ ಗೀಟು, ‘ಬದಲಿಸಿ’ ಎಂದೊಡನೆ ಬೆಸಸಂಖ್ಯೆಗಳಿಗೆ ಗೀಟು. ಒಂದೇ ಚಿತ್ರವನ್ನು ಎರಡು ಬಗೆಯಲ್ಲಿ ನೋಡುವುದು, ಒಂದೇ ವಸ್ತುವಿಗೆ ಬೇರೆ ಬೇರೆ ಉಪಯೋಗ ಹೇಳುವುದು ಇವೂ ಉಂಟು.

ಆದರೆ ಗೀಟು ಹಾಕುವುದೇ ಗುರಿಯಲ್ಲ. ‘ನೀವು ಇದನ್ನು ಹೇಗೆ ಮಾಡಿದಿರಿ? ಇದೇ ಉಪಾಯ ದಿನನಿತ್ಯದಲ್ಲಿ ಎಲ್ಲಿ ನೆರವಾದೀತು?’ ಎಂದು ತರಬೇತುದಾರರು ಕೇಳುತ್ತಾರೆ. ಬಸ್ಸು ತಪ್ಪಿದರೆ ಏನು, ಸಾಮಾನು ಸಿಗದಿದ್ದರೆ ಏನು ಎಂಬ ಪ್ರಶ್ನೆಗಳಿಗೆ ಕಾಗದದ ಮೇಲಿನ ಉಪಾಯವನ್ನು ಜೋಡಿಸುತ್ತಾರೆ. ಈ ಸೇತುವೆ ಇಲ್ಲದಿದ್ದರೆ ಕಾಳು ಆರಿಸುವುದರಲ್ಲಿ ನಿಪುಣನಾದಾನೇ ಹೊರತು ಬದುಕಿನಲ್ಲಿ ಮುಂದೆ ಬಾರನು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದು ಔಷಧಿಗೆ ಬದಲಿಯಲ್ಲ, ಔಷಧಿಯ ಜೊತೆಗಾರ. ತರಬೇತಿ ಸಿಕ್ಕಿತೆಂದು ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯವಿದೆ.

ಊರ ಬಾಗಿಲಿಗೆ

ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಯತ್ನಗಳಲ್ಲಿಯೂ ಕರ್ನಾಟಕ ಮುಂದಿತ್ತು. 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್ ಗ್ರಾಮೀಣ ಕೇಂದ್ರ ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಕಾರ್ಯಕ್ರಮ 1996ರಲ್ಲಿ ಆರಂಭವಾಯಿತು. ಶಿವನಿಗೆ ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ತಂಡ ಸ್ಕಿಜೋಫ್ರೀನಿಯಾ ಕಾಯಿಲೆಯವರನ್ನು ಅವರ ಊರುಗಳಲ್ಲೇ ಗುರುತಿಸಿ ಚಿಕಿತ್ಸೆ ಕೊಡಿಸುವ, ವರ್ಷಗಟ್ಟಲೆ ಅವರ ಯೋಗಕ್ಷೇಮ ನೋಡುವ ಕೆಲಸ ನಡೆಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಚಿಕಿತ್ಸೆ ಪಡೆಯುವುದು ನಾಗರಿಕರ ಹಕ್ಕು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ದೂರವಾಣಿ ಸೇವೆ ಆರಂಭವಾಯಿತು. ಅದರ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು.

ಕನ್ನಡದಲ್ಲಿ ಮಾತನಾಡಲು ಪದಗಳೂ ಬೇಕಲ್ಲವೇ? ಆ ಕೆಲಸವನ್ನು ನಮ್ಮ ಲೇಖಕರು ಮಾಡಿದರು. ‘ಕೊರವಂಜಿ’ ಪತ್ರಿಕೆಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಮನೋರೋಗಗಳ ಬಗ್ಗೆ ಸರಳಗನ್ನಡದಲ್ಲಿ ಹಲವಾರು ಪುಸ್ತಕ ಬರೆದರು. ದೆವ್ವ, ಮಾಟ ಎಂಬ ಮಾತುಗಳಿದ್ದ ಕಡೆ ಕಾಯಿಲೆ, ಚಿಕಿತ್ಸೆ ಎಂಬ ಮಾತುಗಳು ಬರಲು ಇಂಥ ಬರಹಗಳು ದಾರಿ ಮಾಡಿದವು.

ಆದರೂ ದಾರಿ ಮುಗಿದಿಲ್ಲ. ಗುಳಿಗೆ ತಾಲ್ಲೂಕಿನವರೆಗೆ ಬಂದಷ್ಟು ಸುಲಭವಾಗಿ ತರಬೇತಿ ಬಂದಿಲ್ಲ. ಅದನ್ನು ಕಲಿಸಬಲ್ಲ ಮನೋವಿಜ್ಞಾನಿಗಳು ಹೆಚ್ಚಾಗಿ ದೊಡ್ಡ ಊರುಗಳಲ್ಲಿದ್ದಾರೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಈ ಕೆಲಸವನ್ನು ಆರಿಸಿಕೊಂಡರೆ ಆ ಅಂತರ ಕಡಿಮೆಯಾದೀತು.

ಈ ಚರಿತ್ರೆಯನ್ನು ಹಿಂದಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಳೆಯ ನಿಯಮಕ್ಕೆ ಅಂಟಿಕೊಂಡವರು ರೋಗಿಗಳಷ್ಟೇ ಅಲ್ಲ. ಕೂಡಿಹಾಕುವುದೇ ಚಿಕಿತ್ಸೆ ಎಂದು ಸಮಾಜ ಅಂಟಿಕೊಂಡಿತ್ತು. ಕುಗ್ಗಿದ ಬುದ್ಧಿ ಏಳದು ಎಂದು ಶಾಸ್ತ್ರ ಅಂಟಿಕೊಂಡಿತ್ತು. ಗುಳಿಗೆ ನುಂಗಿದವನು ಮರುದಿನವೇ ಮೊದಲಿನಂತಾಗಬೇಕು ಎಂದು ಮನೆಮಂದಿ ಇಂದಿಗೂ ಅಂಟಿಕೊಂಡಿರುತ್ತಾರೆ. ಶಾಸ್ತ್ರ ತನ್ನ ನಿಯಮವನ್ನು ಬದಲಿಸಿಕೊಂಡಿದೆ. ‘ಸೋಮಾರಿ’ ಎಂಬ ಮಾತನ್ನು ಕೆಳಗಿಟ್ಟು, ‘ಇವತ್ತು ಎಷ್ಟು ಆಗುತ್ತದೋ ಅಷ್ಟು ಮಾಡಪ್ಪ, ನಾನೂ ಜೊತೆಗೆ ಕೂರುತ್ತೇನೆ’ ಎನ್ನುವುದು ಇನ್ನು ಮನೆಯವರ ಕೈಯಲ್ಲಿದೆ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಬುದ್ಧಿವಂತಿಕೆಗೂ ಚಿಂತನೆಯ ನಮ್ಯತೆಗೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ಒಂದು ಕಸುಬಿನ ಉದಾಹರಣೆಯಿಂದ ವಿವರಿಸಿ.

2. 1987 ಮತ್ತು 1990ರ ಪ್ರಯೋಗಗಳ ಫಲಿತಾಂಶ ಬೇರೆಯಾಗಲು ಕಾರಣವೇನು? ಶಾಲೆಯ ಕಲಿಕೆಗೆ ಇದರಿಂದ ಯಾವ ಪಾಠ ಸಿಗುತ್ತದೆ?

3. ಕಾಯಿಲೆಯಿಂದ ಚೇತರಿಸಿಕೊಂಡು ತರಗತಿಗೆ ಮರಳಿದ ಸಹಪಾಠಿಗೆ ನೀವು ಯಾವ ಬಗೆಯಲ್ಲಿ ನೆರವಾಗಬಹುದು?